ಕೊನೆಯ ರೀಲು ನೋಡಿಬಿಟ್ಟೆ, ಅತ್ತೆವ್ವ

ಅತ್ತೆವ್ವನಿಗೆ ಶರಣು. ಸಿಟ್ಟು ಬಂದಿದ್ದರೂ ಶರಣು.

ನಿಮಗೆ ಅಕ್ಷರ ಬರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ನೀವಿದ್ದಾಗ ಸಿನಿಮಾದ ಹಾಡಿನ ಪುಸ್ತಕವನ್ನು ನಿಮಗೆ ಓದಿ ಹೇಳುತ್ತಿದ್ದವಳು ನಾನೇ. ಈಗ ನೀವಿರುವ ಕಡೆ ಓದಿ ಹೇಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಿಕ್ಕರೆ ಅವರನ್ನು ಸ್ವಲ್ಪ ಮರೆಗೆ ಕರೆದುಕೊಂಡು ಹೋಗಿ ಓದಿಸಿಕೊಳ್ಳಿ. ನಾಲ್ಕು ಜನರ ಮುಂದೆ ಓದಿಸುವಂಥ ಕಾಗದ ಅಲ್ಲ ಇದು. ಹಾಲಹರವಿ ಸ್ಕೂಲಿನಲ್ಲಿ ನಾಲ್ಕನೇ ಇಯತ್ತೆ ಓದಿದ್ದು ಇದಕ್ಕೇ ಉಪಯೋಗಕ್ಕೆ ಬರುತ್ತದೆ ಅಂತ ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಹೋದ ವಾರ ಆದೋನಿಯ ಟಾಕೀಸಿನಲ್ಲಿ ಆ ಇಬ್ಬರು ಹೆಂಡಿರ ಸಿನಿಮಾದ ಕೊನೆಯ ರೀಲು ನೋಡಿದೆ. ಅವತ್ತಿನಿಂದ ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತಿದೆ.

ನಾನು ಸೊಸೆಯಾಗಿ ಬಂದ ವರ್ಷ ನೀವು ನನ್ನನ್ನು ಮೊದಲ ಸಲ ಸಿನಿಮಾಕ್ಕೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಹತ್ತಿ ಬಿಡಿಸಿ ಮುಗಿದಿತ್ತು. ನಿಮ್ಮ ಮಗ ಜಿನ್ನಿಂಗ್ ಫ್ಯಾಕ್ಟರಿಗೆ ಗಾಡಿ ಕಟ್ಟಿದ್ದರು. ಹತ್ತಿಯ ಮೇಲೆ ನಾವು ಮೂವರು: ನೀವು, ನಾನು, ಪಕ್ಕದ ಮನೆಯ ಈರಮ್ಮ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಆದೋನಿ. ಗಂಡಸರು ತೂಕ ಹಾಕಿಸಲು ಸಾಲಿನಲ್ಲಿ ನಿಂತರೆ ನಾವು ಸೆರಗು ಹೊದ್ದುಕೊಂಡು ಸೀದಾ ಟಾಕೀಸಿಗೆ. ಹೆಂಗಸರಿಗೇ ಬೇರೆ ಬಾಗಿಲು. ಆ ಬಾಗಿಲಲ್ಲಿ ಎಲೆ ಅಡಿಕೆ ಅಗಿಯುತ್ತಾ ಟಿಕೆಟ್ ಹರಿಯುವ ಖಾಸಿಂಬಿ. ಗಂಡಸರ ಕಡೆಗೂ ನಮ್ಮ ಕಡೆಗೂ ನಡುವೆ ಎದೆ ಮಟ್ಟದ ಗೋಡೆ. ದೀಪ ಆರಿದ ಕೂಡಲೆ ನಮ್ಮ ಕಡೆ ಶುರುವಾಯಿತಲ್ಲ ಅಳು! ಪರದೆಯ ಮೇಲೆ ಇನ್ನೂ ಹೆಸರುಗಳು ಬರುತ್ತಿದ್ದವು. ನಾನು ಗಾಬರಿಯಾಗಿ ನಿಮ್ಮನ್ನು ನೋಡಿದರೆ ನೀವು, "ಈಗ ಅಳಬ್ಯಾಡಲೇ ಹುಚ್ಚಿ, ಮುಂದ ಬಾಳ ಐತಿ, ಉಳಿಸ್ಕೋ" ಅಂದಿರಿ.

ಆ ದಿನವೇ ನಿಮ್ಮ ನೇಮವೂ ತಿಳಿಯಿತು. ಕಥೆ ಸರಿಯಾಗಿ ಕುತ್ತಿಗೆಗೆ ಬಂದಿದೆ, ನಾಯಕಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಾಳೆ, ನೀವು ನನ್ನ ತೋಳು ಚಿವುಟಿದಿರಿ. "ಏಳ್ರಿ, ಏಳ್ರಿ. ಗಾಡಿ ಬಂದಿರ್ತೈತಿ." ಅಯ್ಯೋ, ಈಗಲೇ? ಈಗಲೇ. ಆಟ ಮುಗಿದು ದೀಪ ಹತ್ತಿದರೆ ಗಂಡಸರೆಲ್ಲ ಬಾಗಿಲಿಗೆ ನುಗ್ಗುತ್ತಾರೆ, ಅವರ ನಡುವೆ ನಮ್ಮ ಮನೆಯ ಹೆಂಗಸರು ತಳ್ಳಿಸಿಕೊಳ್ಳಬಾರದು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಹಾಗಾಗಿ ಕೊನೆಯ ರೀಲಿಗೆ ಮುಂಚೆ ಏಳಲೇಬೇಕು. ಈ ಐದು ವರ್ಷ ನಮ್ಮ ಓಣಿಯ ಒಬ್ಬ ಹೆಂಗಸೂ ಒಂದು ಸಿನಿಮಾದ ಕೊನೆಯನ್ನೂ ಕಣ್ಣಿಂದ ನೋಡಲಿಲ್ಲ. ನಾವು ಎಲ್ಲಾ ಕೊನೆಗಳನ್ನೂ ನಿಮ್ಮ ಬಾಯಿಂದಲೇ ಕೇಳಿದ್ದು, ಖಾಲಿ ಗಾಡಿಯಲ್ಲಿ, ಮಿರ್ಚಿ ಮಂಡಕ್ಕಿ ತಿನ್ನುತ್ತಾ.

ಒಂದು ಸಲ ನಾನು ಕೇಳಿಯೇ ಬಿಟ್ಟಿದ್ದೆ, ಅತ್ತಿ, ನೀವೂ ನಮ್ಮ ಸಂಗಡಾನೇ ಎದ್ದು ಬಂದಿರಲ್ಲ, ಕೊನೆ ನಿಮಗೆ ಹೇಗೆ ಗೊತ್ತು ಅಂತ. "ಹಾಡಿನ ಪುಸ್ತಕದಾಗ ಇರ್ತೈತಿ" ಅಂದಿರಿ. ಪುಸ್ತಕ ಓದುತ್ತಿದ್ದವಳು ನಾನು! ಆದೋನಿಗೆ ಬರುವುದೆಲ್ಲ ತೆಲುಗು ಸಿನಿಮಾ, ಆ ತೆಲುಗು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಓದುತ್ತಿದ್ದೆ. ಅದರಲ್ಲಿ ಅರ್ಧ ಕಥೆ ಬರೆದು, ಮಿಕ್ಕಿದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಕೈ ಎತ್ತಿಬಿಟ್ಟಿರುತ್ತಿದ್ದರು. ಅದನ್ನು ಹೇಳಿದ್ದಕ್ಕೆ ನೀವು, "ಸಂತಿ ದಿನ ಬೆಣ್ಣಿ ಮಾರಾಕ ಹೋಗ್ತೀನಲ್ಲ, ನಾಲ್ಕು ಮಂದಿ ಹೇಳ್ತಾರ ಬಿಡು" ಅಂದು ಮಾತು ತೇಲಿಸಿದಿರಿ. ನಿಮ್ಮ ಮಾತನ್ನು ನಾನು ಯಾವಾಗ ನಂಬಿಲ್ಲ ಹೇಳಿ?

ಐದನೇ ವರ್ಷ ತುಂಬಿದಾಗ ನೀವು ನನ್ನ ಹೊಟ್ಟೆಯ ಕಡೆ ನೋಡುವುದನ್ನು ಬಿಟ್ಟಿರಿ. ಅದಕ್ಕೂ ಮುಂಚೆ ಎಷ್ಟು ಕಡೆ ಕರೆದುಕೊಂಡು ಹೋಗಿದ್ದಿರಿ ನನ್ನನ್ನು! ಚಿಪ್ಪಗಿರಿಯ ಕಡೆ ಒಬ್ಬ ಅಜ್ಜಿಯ ಬೇರಿನ ಔಷಧಿ, ಯಾರೋ ಕೊಟ್ಟ ತಾಯತ, ಆದೋನಿಯ ಲೇಡಿ ಡಾಕ್ಟರು. ಒಂದು ದಿನವೂ "ಬಂಜೆ" ಎಂಬ ಮಾತು ನಿಮ್ಮ ಬಾಯಲ್ಲಿ ಬರಲಿಲ್ಲ. ಬೇರೆಯವರ ಬಾಯಲ್ಲಿ ಬಂದರೆ ಅವರ ಏಳು ತಲೆಮಾರು ಎತ್ತಿ ಬೈದು ಬರುತ್ತಿದ್ದಿರಿ. ಆಮೇಲೆ ಮನೆಯಲ್ಲಿ ಪಿಸುಮಾತು ಶುರುವಾಯಿತು. ನಾನು ನೀರಿಗೆ ಹೋದಾಗ ನೀವು, ನಿಮ್ಮ ಮಗ, ಊರ ಹಿರಿಯರು. ಕೌತಾಳದ ಕಡೆಯ ಹುಡುಗಿ, ಗಿರಿಜಾ ಅಂತ ಹೆಸರು, ಹದಿನೇಳು ವರ್ಷ, ನಮ್ಮವರೇ. ಈಗ ಎರಡನೇ ಮದುವೆಗೆ ಸರಕಾರದ ಕಾನೂನು ಅಡ್ಡ ಐತಿ ಅಂತ ಯಾರೋ ಅಂದರೆ, "ಹಿರೇ ಹೆಂಡ್ತಿ ಒಪ್ಪಿದ ಮ್ಯಾಲೆ ಕಾನೂನು ಯಾರ ಮನೀ ಬಾಗಿಲಿಗಿ ಬರ್ತೈತಿ?" ಎಂದರಂತೆ ಹಿರಿಯರು. ಎಲ್ಲರಿಗೂ ಬೇಕಾಗಿದ್ದು ನನ್ನ ಒಪ್ಪಿಗೆ ಒಂದೇ. ಹುಡುಗಿಯ ತಾಯಿಯೂ ಅದನ್ನೇ ಕೇಳಿದ್ದಳು. ಹಿರಿಯ ಹೆಂಡತಿ ತಾನಾಗಿ ಬಂದು ನನ್ನ ಮಗಳ ಉಡಿ ತುಂಬಿದರೆ ಮಾತ್ರ ಮಾತು, ಇಲ್ಲದಿದ್ದರೆ ಇಲ್ಲ.

ನನ್ನ ಒಪ್ಪಿಗೆಯನ್ನು ನೀವು ಬಾಯಿಬಿಟ್ಟು ಕೇಳಲಿಲ್ಲ, ಸಿನಿಮಾಕ್ಕೆ ಕರೆದುಕೊಂಡು ಹೋದಿರಿ. ಅತ್ತೆವ್ವ, ಆ ಸಿನಿಮಾ ಶುರುವಾದ ಅರ್ಧ ತಾಸಿಗೆ ನನ್ನ ಎದೆ ಧಸಕ್ ಅಂದಿತು. ಮಕ್ಕಳಿಲ್ಲದ ಹೆಂಡತಿ. ಗಂಡನಿಗೆ ತಾನೇ ಇನ್ನೊಂದು ಹೆಣ್ಣು ನೋಡಿ ಮದುವೆ ಮಾಡಿಸುತ್ತಾಳೆ. ಮಗು ಹುಟ್ಟುತ್ತದೆ, ಚಿಕ್ಕವಳ ಗತ್ತು ಏರುತ್ತದೆ, ಮಗುವಿನ ಹಾಲಿಗೆ ದೊಡ್ಡವಳು ವಿಷ ಹಾಕಿದಳೆಂಬ ಅಪವಾದ ಬರುತ್ತದೆ. ಗಂಡ ಮುಖ ತಿರುಗಿಸಿ ನಿಂತಿದ್ದಾನೆ. ಆಕೆ ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದಾಳೆ. ಹಾಲಿನ ಬಟ್ಟಲು ಇನ್ನೂ ನೆಲದ ಮೇಲೆ ಇದೆ. ನನ್ನ ಸೆರಗು ಹಿಂಡುವಷ್ಟು ಒದ್ದೆಯಾಗಿತ್ತು. ಆಗ ನೀವು ಚಿವುಟಿದಿರಿ. "ಏಳ್ರಿ, ಗಾಡಿ ಬಂತು."

ಗಾಡಿಯಲ್ಲಿ ಕೂತ ಕೂಡಲೆ ನಾನು, "ಅತ್ತಿ, ಆಕಿ ಎಲ್ಲಿಗಿ ಹೋದ್ಲು?" ಅಂತ ಕೇಳಿದೆ. ನೀವು ಆ ದಿನ ಮಂಡಕ್ಕಿ ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದಿರಿ. "ಎಲ್ಲಿಗಿ ಹೋಗ್ತಾಳ? ಆಕಿ ಹೊಸ್ತಿಲು ದಾಟಬೇಕು ಅನ್ನಾದ್ರಾಗ ಆ ಕೂಸು ಓಡಿ ಬಂದು ಸೆರಗು ಹಿಡೀತೈತಿ. ದೊಡ್ಡವ್ವಾ, ನನ್ನ ಬಿಟ್ಟು ಎಲ್ಲಿ ಹೊಂಟಿ ಅಂತೈತಿ. ಗಂಡ ತಿರುಗಿ ನೋಡ್ತಾನ, ಆತನ ಕಣ್ಣಾಗ ನೀರು. ಸಣ್ಣಾಕಿ ಬಂದು ಕಾಲಿಗಿ ಬೀಳ್ತಾಳ. ಮನೀ ಕೀಲಿಗೊಂಚಲು ಈಕಿ ಸೊಂಟಕ್ಕೇ ಸಿಗಸ್ತಾರ. ಆಮ್ಯಾಲೆ ಆಕಿ ತಲೀ ಬೆಳ್ಳಗಾಗೋ ತನಕ ಆ ಮನ್ಯಾಗ ಆಕೀ ಮಾತೇ ಮಾತು ನೀಲವ್ವ. ಕೂಸು ಹೆತ್ತವ್ವನ್ನ ಬಿಟ್ಟು ಈಕಿ ಮಗ್ಗಲಾಗೇ ಮಲಗೋದು." ಈರಮ್ಮ ಮೂಗು ಸುರಿಸುತ್ತಾ, "ಕಟ್ಟಿಕೊಂಡ ಪುಣ್ಯ ಎಲ್ಲಿ ಹೋಗ್ತೈತಿ ಬಿಡ್ರಿ" ಅಂದಳು. ಹಳ್ಳ ದಾಟುವ ಹೊತ್ತಿಗೆ ನಾನೇ ಹೇಳಿದೆ. ಯಾರೂ ಕೇಳದೆ ನಾನೇ ಹೇಳಿದೆ. ಅತ್ತಿ, ಕೌತಾಳಕ್ಕೆ ನಾನು ಬರ್ತೀನಿ, ಉಡಿ ನಾನೇ ತುಂಬತೀನಿ ಅಂದೆ. ನೀವು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಿರಿ. ಎಂಥಾ ದೊಡ್ಡ ಮನಸ್ಸು ನನ್ನತ್ತೆಯದು ಅಂತ ನಾನೂ ಅತ್ತೆ. ಥೂ ನನ್ನ!

ಕೌತಾಳದಲ್ಲಿ ಉಡಿ ತುಂಬಿದ ದಿನ ಒಂದು ಸಂಗತಿ ನಡೆಯಿತು, ನಿಮಗೆ ಹೇಳಿರಲಿಲ್ಲ. ಆ ಹುಡುಗಿಯ ಮಡಿಲಿಗೆ ಕೊಬ್ಬರಿ ಬಟ್ಟಲು, ಕುಪ್ಪಸ, ಅಕ್ಕಿ ಹಾಕುತ್ತಿದ್ದೆ. ತಲೆ ಬಗ್ಗಿಸಿ ಕೂತವಳು ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಅಕ್ಕಾ, ನೀವು ಕಾಶಿಗಿ ಹೋಗೋದು ಯಾವಾಗ?" ಅಂತ ಕೇಳಿದಳು. ನನಗೆ ನಗು ಬಂತು. ಕಾಶಿಗೆ ನಾನು ಯಾಕೆ ಹೋಗಲಿ? ಚಿಕ್ಕ ಹುಡುಗಿ, ಗಾಬರಿಯಲ್ಲಿ ಏನೋ ಅಂದಳು ಅಂದುಕೊಂಡೆ. "ಹೋಗೋಣಂತ, ಎಲ್ಲಾರೂ ಕೂಡೇ ಹೋಗೋಣಂತ" ಅಂತ ಗಲ್ಲ ಹಿಂಡಿ ಬಂದೆ. ಅವಳ ಮುಖ ಸಪ್ಪಗಾದದ್ದು ಈಗ ಅರ್ಥವಾಗುತ್ತಿದೆ. ಆಕೆಗೂ, ಆಕೆಯ ತಾಯಿಗೂ ಅದೇ ಸಿನಿಮಾದ ಕಥೆಯನ್ನು ನೀವು ಹೇಳಿದ್ದಿರಿ, ಅಲ್ಲವೇ? ಅವರು ಟಾಕೀಸಿನ ಮುಖವನ್ನೇ ಕಂಡವರಲ್ಲ. ಅವರಿಗೆ ಹೇಳಿದ ಕೊನೆ ಬೇರೆ ಇರಬೇಕು. ಅದರಲ್ಲಿ ದೊಡ್ಡವಳು ಕೀಲಿಗೊಂಚಲು ಚಿಕ್ಕವಳ ಕೈಗೆ ಕೊಟ್ಟು, ತನ್ನ ಮನಸ್ಸಿನಿಂದಲೇ ಕಾಶಿಗೆ ಹೊರಟುಹೋಗುತ್ತಾಳೆ! ಒಂದು ಸಿನಿಮಾ, ಇಬ್ಬರು ಸೊಸೆಯರಿಗೆ ಎರಡು ಕೊನೆ. ಅತ್ತೆವ್ವ, ನಿಮ್ಮ ತಲೆ ಎಂಥದ್ದು!

ಮದುವೆಯ ಜೋಳ ಹಸನು ಮಾಡುತ್ತಾ ಕೂತಿದ್ದಾಗ ನಿಮಗೆ ಚಳಿ ಬಂತು. ಮೂರೇ ದಿನ. ಮೂರನೇ ದಿನ ಮಧ್ಯಾಹ್ನ ನೀವು ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದಿರಿ. "ನೀಲವ್ವ, ಆ ಕಥಿ…" ಅಂದಿರಿ, ಅಷ್ಟೇ. ಜ್ವರದ ಬಡಬಡಿಕೆ ಅಂತ ನಾನು ಹಣೆಯ ಮೇಲಿನ ಬಟ್ಟೆ ಬದಲಿಸಿದೆ. ಕೂತ ಭಂಗಿಯಲ್ಲೇ ನಿಮ್ಮನ್ನು ಮಣ್ಣಿಗೆ ಇಟ್ಟು ಬಂದೆವು. ಹಿರಿಯರು ಮದುವೆಯನ್ನು ಶ್ರಾವಣಕ್ಕೆ ಮುಂದೆ ಹಾಕಿದರು. ಸತ್ತವಳು ಮಾತು ಕೊಟ್ಟಿದ್ದಾಳೆ, ತಪ್ಪಿಸಬಾರದು ಅಂದರು. ನಾನೇ ಎಲ್ಲರಿಗಿಂತ ಮುಂಚೆ ತಲೆ ಆಡಿಸಿದೆ.

ಆ ಸಿನಿಮಾ ಆದೋನಿಗೆ ಮತ್ತೆ ಬಂದಿದೆ ಎಂದು ಈರಮ್ಮ ಓಡಿ ಬಂದು ಹೇಳಿದಳು. ಕೊನೆಯ ಬಿಡಿಸಿನ ಹತ್ತಿ ಇನ್ನೂ ಎರಡು ಗಾಡಿ ಉಳಿದಿತ್ತು. ನೀವಿಲ್ಲದೆ ಹೋಗುವುದು ಮೊದಲ ಸಲ. ನಿಮ್ಮ ಜಾಗ ಬಿಟ್ಟೇ ಬೆಂಚಿನ ಮೇಲೆ ಕೂತೆವು. ಈ ಸಲ ನನಗೆ ಅಳು ಬರಲೇ ಇಲ್ಲ. ಕೊನೆ ಒಳ್ಳೆಯದು ಅಂತ ಗೊತ್ತಿತ್ತಲ್ಲ! ಪಕ್ಕದಲ್ಲಿ ಅಳುತ್ತಿದ್ದ ಯಾರೋ ಮುದುಕಿಗೆ, "ಅಳಬ್ಯಾಡ್ರಿ ಅವ್ವಾ, ಆಕಿಗಿ ಏನೂ ಆಗಂಗಿಲ್ಲ" ಅಂತ ಧೈರ್ಯವನ್ನೂ ಹೇಳಿದೆ. ಪರದೆಯ ಮೇಲೆ ಆಕೆ ಹೊಸ್ತಿಲ ಹತ್ತಿರ ಬಂದಳು. ಗಂಟು ಕೈಯಲ್ಲಿದೆ. ಹಾಲಿನ ಬಟ್ಟಲು ನೆಲದ ಮೇಲಿದೆ. ನನ್ನ ತೋಳು ನಿಮ್ಮ ಚಿವುಟಿಗೆ ಕಾಯುತ್ತಿತ್ತು ನೋಡಿ, ಹಾಳು ಅಭ್ಯಾಸ. ನೀವು ಚಿವುಟಲಿಲ್ಲ. ನಾನು ಏಳಲಿಲ್ಲ. ಈರಮ್ಮನೂ ನನ್ನ ಮುಖ ನೋಡುತ್ತಾ ಕೂತಳು.

ಮಗು ಬರಲಿಲ್ಲ, ಅತ್ತೆವ್ವ. ಯಾರೂ ಸೆರಗು ಹಿಡಿಯಲಿಲ್ಲ. ಆಕೆ ತಿರುಗಿ ಬಂದು, ನಾನು ವಿಷ ಹಾಕಿಲ್ಲ ಅಂತ ತೋರಿಸಲು ಆ ಹಾಲನ್ನು ತಾನೇ ಎತ್ತಿ ಗಟಗಟ ಕುಡಿದುಬಿಟ್ಟಳು. ಅದರಲ್ಲಿ ನಿಜವಾಗಿಯೂ ವಿಷವಿತ್ತು, ಬೇರೆ ಯಾರೋ ಹಾಕಿದ್ದು. ಗಂಡ ತಿರುಗಿ ನೋಡುವ ಹೊತ್ತಿಗೆ ನೆಲದ ಮೇಲೆ ಬಿದ್ದಿದ್ದಳು. ಕೀಲಿಗೊಂಚಲು ಎಲ್ಲಿ? ಬೆಳ್ಳಗಾದ ತಲೆ ಎಲ್ಲಿ? ನಾನು ಬೆಂಚಿನ ಮೇಲಿಂದ ಎದ್ದು ನಿಂತು, "ಸುಳ್ಳು! ಇದು ಸುಳ್ಳು!" ಅಂತ ಕೂಗಿದೆನಂತೆ. ನನಗೆ ನೆನಪಿಲ್ಲ, ಈರಮ್ಮ ಹೇಳಿದ್ದು. ಗೋಡೆಯ ಆ ಕಡೆಯಿಂದ ಗಂಡಸರು ಕೂತ್ಕೋ ಅಂತ ಅರಚಿದರಂತೆ. ಆಗಲೇ ಧೈರ್ಯ ಹೇಳಿಸಿಕೊಂಡಿದ್ದ ಮುದುಕಿ ನನ್ನನ್ನು ಕೆಕ್ಕರಿಸಿ ನೋಡಿದ್ದು ಮಾತ್ರ ನೆನಪಿದೆ. ಈರಮ್ಮ ಪಾಪ, "ಇದು ಬ್ಯಾರೆ ಪಿಚ್ಚರ್ ಇರಬೇಕಲೇ ನೀಲವ್ವ, ಒಂದೇ ಹೆಸರಿಂದು ಎರಡು ಬಂದಿರಬೇಕು" ಅಂದಳು. ಪರದೆಯ ಮೇಲೆ ಆ ಚಿಕ್ಕವಳು ತಲೆ ಚಚ್ಚಿಕೊಳ್ಳುತ್ತಿದ್ದಳು, ಮಗು ಎಲ್ಲೋ ಒಳಗೆ ಅಳುತ್ತಿತ್ತು, ದೀಪ ಹತ್ತಿಬಿಟ್ಟಿತು.

ಬಾಗಿಲಲ್ಲಿ ನನ್ನ ಮುಖ ನೋಡಿ ಖಾಸಿಂಬಿ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. ನೀರು ಕೊಟ್ಟಳು. ನಾನು ಸಿಟ್ಟಿನಲ್ಲಿ, "ಪಿಚ್ಚರ್ ಬದಲಿ ಮಾಡ್ಯಾರೇನು? ನಮ್ಮತ್ತಿ ಹೇಳಿದ್ದೇ ಬ್ಯಾರೆ" ಅಂದೆ. ಆಕೆ ಎಲೆ ಅಡಿಕೆ ಉಗಿದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅರೇ ಅಮ್ಮಾ, ನಿಮ್ಮತ್ತಿ ಎಲ್ಲಾ ಪಿಚ್ಚರಿಂದೂ ಆಖ್ರೀ ರೀಲು ನೋಡೋದು. ಸಂತಿ ದಿನ ಬರ್ತಿದ್ಲು. ಬೆಣ್ಣಿ ಉಂಡಿ ನನ್ನ ಕೈಯಾಗ ಇಟ್ಟು, ಖಾಸಿಂಬಿ, ಜರಾ ಬಾಗಿಲ ಪರದೆ ಸರಸು ಅಂತಿದ್ಲು. ಇಲ್ಲೇ ನಿಂತು ನೋಡೋದು, ಹೋಗೋದು. ಈ ಪಿಚ್ಚರ್ ಮೂರು ಸಲ ನೋಡ್ಯಾಳ." ಮೂರು ಸಲ! ಯಾವಾಗ ಅಂತ ಕೇಳಿದೆ. "ಮೊದಲು ಎರಡು ಸಲ. ಆಮ್ಯಾಲೆ ನೀವೆಲ್ಲಾ ಬಂದು ಹೋದ್ರಲ್ಲ, ಅದರ ಮರುವಾರ ಇನ್ನೊಂದು ಸಲ. ಅವತ್ತು ಬಾಳ ಅತ್ತಳಮ್ಮ. ಹೊರಗ ಬಂದು ನನ್ನ ಕೇಳಿದ್ಲು, ಖಾಸಿಂಬಿ, ಈ ಪಿಚ್ಚರಿಗೆ ಇದೊಂದೇ ಏನು ಕೊನೀ ರೀಲು? ಇನ್ನೊಂದು ಏನರ ಡಬ್ಬ್ಯಾಗ ಉಳಿದಿದ್ರ ನೋಡ್ರಿ ಅಂತ ಒಳಗಿನವ್ರಿಗೆ ಹೇಳಬಾರದೇನು? ಅಂತ. ನಾನು ನಕ್ಕೆ. ಆಕಿ ನಗಲಿಲ್ಲ."

ಮನೆಗೆ ಬಂದು ಎರಡು ದಿನ ಎಲ್ಲಾ ಸಿನಿಮಾಗಳನ್ನೂ ಒಂದೊಂದಾಗಿ ನೆನೆಸಿಕೊಂಡೆ. ಆ ಬಾವಿ ಕಟ್ಟೆಯ ಮೇಲೆ ನಿಂತವಳನ್ನು ಅಣ್ಣ ಬಂದು ಹಿಡಿದುಕೊಂಡ ಅಂದಿದ್ದಿರಿ, ಹಿಡಿದುಕೊಂಡನೋ ಇಲ್ಲವೋ? ಕಾರಿನ ಡ್ರೈವರ್ ವೇಷ ಹಾಕಿ ಕಾಲೇಜು ಹುಡುಗಿಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ಆ ಜಮೀನುದಾರನ ಮಗ, ಅಷ್ಟು ನಗಿಸಿದನಲ್ಲ, ಅವನಾದರೂ ಆಕೆಯನ್ನೇ ಕಟ್ಟಿಕೊಂಡನೋ, ಅದೂ ನಿಮ್ಮ ಕೈಚಳಕವೋ? ನನ್ನ ಐದು ವರ್ಷದ ನಗುವಿನಲ್ಲಿ, ಅಳುವಿನಲ್ಲಿ ಯಾವುದು ಸಿನಿಮಾದ್ದು, ಯಾವುದು ನಿಮ್ಮದು? ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡವರು ನೀವು. ನನಗೆ ಜ್ವರ ಬಂದಾಗ ಎರಡು ಹೊತ್ತೂ ತಲೆ ಒತ್ತಿದವರು. ನೀವು ನನ್ನನ್ನು ಹೀಗೆ… ನನಗೆ ನಂಬಲಿಕ್ಕೇ ಆಗುತ್ತಿಲ್ಲ.

ಆದರೆ ಆ ಮೂರನೇ ಸಲ. ಅದನ್ನು ಏನು ಮಾಡಲಿ, ಹೇಳಿ? ನನ್ನ ಒಪ್ಪಿಗೆ ನಿಮ್ಮ ಕೈಗೆ ಸಿಕ್ಕಾಗಿತ್ತು. ಕೆಲಸ ಮುಗಿದಿತ್ತು. ಮತ್ತೆ ಯಾಕೆ ಹೋದಿರಿ? ಆಕೆ ಈ ಸಲವಾದರೂ ಬಟ್ಟಲು ಮುಟ್ಟದೆ ಬಿಟ್ಟಾಳು ಅಂತ ನೋಡಲು ಹೋದಿರಾ? ಮೊಮ್ಮಗ ಬೇಕಾಗಿತ್ತು ನಿಮಗೆ. ನಾನೂ ಬೇಕಾಗಿತ್ತು. ಗಾಡಿಯಲ್ಲಿ ನೀವು ನನಗೆ ಹೇಳಿದ ಕೊನೆಯನ್ನು ಮನೆಯಲ್ಲಿ ಕೋಲು ಹಿಡಿದು ನೀವೇ ನಡೆಸುತ್ತಿದ್ದಿರಿ ಅಂತ ನನಗೆ ಗೊತ್ತು. ಆ ಹುಡುಗಿ ನನ್ನ ಎದುರು ದನಿ ಎತ್ತಿದ್ದರೆ ಅವಳನ್ನು ಸುಮ್ಮನೆ ಬಿಡುತ್ತಿದ್ದಿರಾ? ಆದರೆ ನೀವೆಲ್ಲಿದ್ದೀರಿ ಈಗ? ಶ್ರಾವಣದಲ್ಲಿ ಅವಳು ಈ ಮನೆಗೆ ಬಂದರೆ, ಅವಳು ನನ್ನ ಕಾಶಿಗೆ ಕಾಯುತ್ತಾಳೆ, ನಾನು ನನ್ನ ಕೀಲಿಗೊಂಚಲಿಗೆ ಕಾಯುತ್ತೇನೆ. ನಡುವೆ ನಿಮ್ಮ ಮಗ ಮುಖ ತಿರುಗಿಸಿ ನಿಂತಿರುತ್ತಾರೆ. ಹೆದರಿಕೆಯಾಯಿತು ನನಗೆ, ಅತ್ತೆವ್ವ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಹಾಲಿನ ಬಟ್ಟಲು ಕೈಗೆ ಬಂದಾಗ ದೂರ ಎಸೆದುಬಿಟ್ಟೆ.

ಮೂರನೇ ದಿನ ನಿಮ್ಮ ಮಗ ಉಣ್ಣಲು ಕೂತಾಗ ಹೇಳಿದೆ. ಖಾಸಿಂಬಿಯ ಮಾತು, ಕಾಶಿಯ ಮಾತು, ಎಲ್ಲಾ. ಅವರು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದರು. ನಿಮಗೆ ಗೊತ್ತಲ್ಲ ಅವರ ಸ್ವಭಾವ, ಹತ್ತಿಯ ಬಗ್ಗೆ ಕೇಳಿದರೆ ದಿನವಿಡೀ ಮಾತು, ಮನೆಯ ಬಗ್ಗೆ ಕೇಳಿದರೆ ಅವ್ವನ್ನ ಕೇಳು. "ಅವ್ವ ಮಾತು ಕೊಟ್ಟು ಹೋಗ್ಯಾಳ, ನೀಲಿ" ಅಂದರು. "ಪಿಚ್ಚರ್ ಕಥಿ ಹಿಡ್ಕೊಂಡು ಯಾರರ ಸಂಸಾರ ಮಾಡ್ತಾರೇನ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ನನ್ನನ್ನ ಒಪ್ಪಿಸಿದ್ದು ಪಿಚ್ಚರ್ ಕಥೀನ ರೀ! ಹೆಂಗಸ್ರ ಅಳೋ ಪಿಚ್ಚರ್ ಅಂತ ನಗ್ತೀರಲ್ಲ, ಒಂದು ಸಲ ಬಂದು ಕೊನೀ ರೀಲು ನೋಡ್ರಿ. ನೋಡಿದ ಮ್ಯಾಲೂ ಕೌತಾಳಕ್ಕೆ ಬಾಸಿಂಗ ಕಟ್ಟಿಕೊಂಡು ಹೋಗ್ತೀನಿ ಅಂದ್ರ ನಾನೇ ಆರತಿ ಎತ್ತೀನಿ" ಅಂದೆ. ನಾನು ಅವರ ಎದುರು ಅಷ್ಟು ದೊಡ್ಡ ಮಾತು ಆಡಿದ್ದು ಅದೇ ಮೊದಲು. ಅವರಿಗೂ ಗಾಬರಿ, ನನಗೂ ಗಾಬರಿ.

ಉಳಿದ ಒಂದು ಗಾಡಿ ಹತ್ತಿ ನಿನ್ನೆ ಹಾಕಿದೆವು. ತೂಕ ಬೆಳಿಗ್ಗೆಯೇ ಮುಗಿಯಿತು. ಎತ್ತುಗಳನ್ನು ನೆರಳಿಗೆ ಕಟ್ಟಿ ಅವರು ಗಂಡಸರ ಬಾಗಿಲಿನಿಂದ, ನಾನು ಹೆಂಗಸರ ಬಾಗಿಲಿನಿಂದ. ನಡುವೆ ಗೋಡೆ. ಅವರು ಎಲ್ಲಿ ಕೂತರು, ಕೂತರೋ ಎದ್ದು ಬೀಡಿಗೆ ಹೋದರೋ, ನನಗೆ ಹೇಗೆ ಗೊತ್ತಾಗಬೇಕು? ಆಕೆ ಹೊಸ್ತಿಲ ಹತ್ತಿರ ಬಂದಾಗ ನಾನು ಪರದೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಆ ಕಡೆಗೆ ಕಿವಿ ಕೊಟ್ಟು ಕೂತಿದ್ದೆ. ಗಂಡಸರ ಕಡೆ ಯಾರೋ ಕೆಮ್ಮಿದರು, ಯಾರೋ ಸಿಳ್ಳೆ ಹಾಕಿದರು, ಅಷ್ಟೇ. ಹೊರಗೆ ಬಂದು ನೋಡಿದರೆ ಎತ್ತುಗಳ ಹತ್ತಿರ ನಿಂತು ನೊಗದ ಹಗ್ಗ ಬಿಗಿಯುತ್ತಿದ್ದಾರೆ. ಆಗಲೇ ಬಿಗಿದ ಹಗ್ಗವನ್ನೇ ಮತ್ತೆ ಬಿಚ್ಚಿ ಬಿಗಿಯುತ್ತಿದ್ದಾರೆ.

ಊರ ದಾರಿ ಅರ್ಧ ಆದ ಮೇಲೆ ಹೊರಳಿ ನೋಡದೆ, "ಆತಗ ಯಾರೂ ಹೇಳಲಿಲ್ಲ" ಅಂದರು.

"ಯಾರಿಗಿ?"

"ಆ ಗಂಡಗ. ಆಕಿಗಿ ಒಳಗ ಅಷ್ಟು ಸಂಕಟ ಐತಿ ಅಂತ ಯಾರರ ಹೇಳಿದ್ರ ಆತ ಹಂಗ ನಿಲ್ತಿರಲಿಲ್ಲ."

"ಆತ ಕೇಳಬೇಕಾಗಿತ್ತು" ಅಂದೆ.

ಅವರು ಎತ್ತನ್ನು ಹೊಡೆಯಲಿಲ್ಲ, ಹಗ್ಗವನ್ನು ಕೈಗೆ ಸುತ್ತಿಕೊಂಡು ಬಿಚ್ಚುತ್ತಾ ಕೂತರು. ಎತ್ತುಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಹಳ್ಳದ ಇಳಿಜಾರಿಗೆ ಬಂದಾಗ ಗಾಡಿ ನಿಲ್ಲಿಸಿದರು. "ನೀಲಿ, ಈ ಮದುವಿಗಿ ನಿನಗ ಮನಸ್ಸು ಐತೇನು?" ಅಂತ ಕೇಳಿದರು. ಅತ್ತೆವ್ವ, ಈ ಪ್ರಶ್ನೆಯನ್ನು ಇಲ್ಲಿಯ ತನಕ ಯಾರು ನನ್ನನ್ನು ಕೇಳಿದ್ದರು? ಹಿರಿಯರು ಕೇಳಿದರಾ? ನನ್ನ ತವರಿನವರು ಕೇಳಿದರಾ? ನೀವು ಕೇಳಿದಿರಾ? ದೊಡ್ಡ ಮನಸ್ಸಿನ ಮಾತು ಬಾಯಿಗೆ ಬಂತು, ಮನೆತನ ಬೆಳೀಬೇಕು ಅಂತ ಹೇಳಲು ಹೊರಟೆ. ಹೇಳಲಿಲ್ಲ. "ಇಲ್ರಿ. ನನಗ ಬ್ಯಾಡ" ಅಂದುಬಿಟ್ಟೆ.

"ಮೊದಲೇ ಹೇಳಬಾರದಾಗಿತ್ತೇನು?" ಅಂದರು. ಬೈಗುಳದ ದನಿ ಅಲ್ಲ, ಪೆಟ್ಟು ತಿಂದವರ ದನಿ. ಆಮೇಲೆ ಒಂದೇ ಮಾತು, "ಹಂಗಾದ್ರ ಬ್ಯಾಡ." ಮಕ್ಕಳ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದರ ಗತಿ ಏನೋ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಿಮಗೆ ಸಂಕಟವಾಗುತ್ತದೆ, ಬಲ್ಲೆ. ಆಗಲಿ. ನನಗೂ ಆಗಿದೆ.

ನಾಡಿದ್ದು ಸೋಮವಾರ ಬಸ್ಸು ಹಿಡಿದು ಇಬ್ಬರೂ ಕೌತಾಳಕ್ಕೆ ಹೊರಟಿದ್ದೇವೆ. ಉಡಿ ತುಂಬಿಸಿಕೊಂಡ ಹುಡುಗಿಯನ್ನು ಬಿಟ್ಟರೆ ಊರು ಏನನ್ನುತ್ತದೆ ಎಂಬುದು ನನಗೆ ಗೊತ್ತು. ಆಕೆಯ ತಾಯಿ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಬೀದಿಗೆ ಬಂದು, ಯಾಕೆ, ಏನಾಯಿತು, ನನ್ನ ಮಗಳಲ್ಲಿ ಏನು ಕೊರತೆ ಅಂತ ಕೇಳುತ್ತಾಳೆ. ಕೇಳಲೇಬೇಕು. ಅವಳಿಗೆ ಏನು ಹೇಳಬೇಕು ಅಂತ ಯೋಚನೆ ಮಾಡಿಟ್ಟಿದ್ದೇನೆ. ನಿಮ್ಮ ಮಗನ ಹತ್ತಿರವೂ ಆಣೆ ಹಾಕಿಸಿಕೊಂಡಿದ್ದೇನೆ. ನೀವು ಎರಡು ಕಡೆ ಎರಡು ಕಥೆ ಹೇಳಿದ್ದು ನಮ್ಮ ಬಾಯಿಂದ ಹೊರಗೆ ಬರುವುದಿಲ್ಲ. ಈರಮ್ಮ ಈಗಲೂ ಅದು ಬೇರೆ ಪಿಚ್ಚರ್ ಅಂತಲೇ ನಂಬಿದ್ದಾಳೆ, ನಂಬಲಿ. ಮಣ್ಣಿಗೆ ಹೋದ ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸಿ ಬೈಯಿಸಲು ನನ್ನಿಂದ ಆಗುವುದಿಲ್ಲ. ಓಣಿಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: ಹುಡುಗಿಯಲ್ಲಿ ತಪ್ಪಿಲ್ಲ, ಬಂಗಾರದಂಥ ಹುಡುಗಿ. ನನ್ನ ಮನಸ್ಸೇ ಸಣ್ಣದು. ನನಗೆ ಹೊಟ್ಟೆಕಿಚ್ಚು. ನನ್ನ ಗಂಡನನ್ನು ಇನ್ನೊಬ್ಬಳ ಜೊತೆ ಹಂಚಿಕೊಳ್ಳುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಅದರಲ್ಲಿ ಸುಳ್ಳೇನೂ ಇಲ್ಲ, ಅತ್ತೆವ್ವ. ಮೊದಲ ದಿನದಿಂದಲೂ ಅದೇ ನಿಜವಾಗಿತ್ತು.

ನಿಮ್ಮ ಒಬ್ಬಳೇ ಸೊಸೆ,
ನೀಲವ್ವ